ಮಾಡಿದಂ, ಮಾಡಿಸಿದಂ

ಅಮೆರಿಕದ ಕೊಲರಾಡೊ ರಾಜ್ಯದ ವಾರ್ಷಿಕ ಮೇಳದಲ್ಲಿ 2022ರ ಆಗಸ್ಟ್ ತಿಂಗಳು ಡಿಜಿಟಲ್ ಕಲೆಯ ವಿಭಾಗದ ಮೊದಲ ಬಹುಮಾನ ಪಡೆದ ಚಿತ್ರದ ಹೆಸರು 'ಥಿಯೇಟ್ರ್ ದೊಪೆರಾ ಸ್ಪಾಸಿಯಾಲ್'. ಬಹುಮಾನದ ಮೊತ್ತ 300 ಡಾಲರ್. ಅದನ್ನು ಸ್ಪರ್ಧೆಗೆ ಸಲ್ಲಿಸಿದವರು ಜೇಸನ್ ಅಲೆನ್. ಪ್ಯೂಬ್ಲೊ ವೆಸ್ಟ್ ಎಂಬ ಊರಿನಲ್ಲಿ ಮೇಜಿನ ಮೇಲೆ ಆಡುವ ಆಟಗಳನ್ನು ರೂಪಿಸುವ ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿದ್ದವರು. ಚಿತ್ರ ಮೂಡಿದ್ದು 'ಮಿಡ್‌ಜರ್ನಿ' ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ. ಸಲ್ಲಿಸುವಾಗ ಅವರು ಆ ತಂತ್ರಾಂಶದ ಹೆಸರನ್ನು ಬರೆದೇ ಇದ್ದರು. ಅದು ಏನೆಂಬುದು ತೀರ್ಪುಗಾರರಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಹುಮಾನ ಕೊಡುತ್ತಿದ್ದೆವೆಂದು ಆಮೇಲೆ ಅವರು ಹೇಳಿದರು. ಇಷ್ಟರಮಟ್ಟಿಗೆ ಅಲೆನ್ ಅವರನ್ನು ದೂರಲು ಕಾರಣವಿಲ್ಲ. ದೂರಬೇಕಾದುದು ಅನಂತರದ ಸಂಗತಿಯನ್ನು.

ಅವರು ಆ ಚಿತ್ರದ ಕೃತಿಸ್ವಾಮ್ಯಕ್ಕೆ ಅರ್ಜಿ ಹಾಕಿದರು. ಕನಿಷ್ಠ 624 ಬಾರಿ ಸೂಚನೆಗಳನ್ನು ಬದಲಿಸಿ ಬದಲಿಸಿ ಕೊಟ್ಟು ಚಿತ್ರವನ್ನು ಪಡೆದುದಾಗಿಯೂ ಬಳಿಕ ಫೋಟೊಶಾಪ್‌ನಲ್ಲಿ ತಿದ್ದಿ, ಮತ್ತೊಂದು ತಂತ್ರಾಂಶದಿಂದ ಹಿಗ್ಗಿಸಿದುದಾಗಿಯೂ ನಿವೇದಿಸಿದರು. ಯಂತ್ರ ಹುಟ್ಟಿಸಿದ ಭಾಗವನ್ನು ಹಕ್ಕಿನಿಂದ ಹೊರಗಿಡಿ ಎಂದು ಕೃತಿಸ್ವಾಮ್ಯ ಕಚೇರಿ ಕೇಳಿತು. ಅಲೆನ್ ಒಪ್ಪಲಿಲ್ಲ. 2023ರ ಸೆಪ್ಟೆಂಬರ್ 5ರಂದು ಕಚೇರಿಯ ಪುನರ್ವಿಮರ್ಶಾ ಮಂಡಳಿ ಅರ್ಜಿಯನ್ನು ನಿರಾಕರಿಸಿತು. ನಿನ್ನ ಕೈಯ ಪಾಲೆಷ್ಟು, ಬೇರ್ಪಡಿಸಿ ತೋರಿಸು ಎಂಬ ನ್ಯಾಯವಾದ ಪ್ರಶ್ನೆಗೆ ಎಲ್ಲವೂ ನನ್ನದೇ ಎಂಬುದು ಉತ್ತರವಾದಲ್ಲಿ, ಚರ್ಚೆ ತಂತ್ರಜ್ಞಾನದ್ದಾಗಿ ಉಳಿಯುವುದಿಲ್ಲ, ಕರ್ತೃತ್ವದ್ದಾಗುತ್ತದೆ. ಕರ್ತೃತ್ವದ ವಿಚಾರದಲ್ಲಿ ಮಾತಾಡಲು ಸಾಹಿತ್ಯದ ವಿದ್ಯಾರ್ಥಿಗಳು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಈ ಪಕ್ಷದವರು ಮೊದಲು ಹೂಡುವ ವಾದ, ಯಂತ್ರವೆಂಬುದು ಕುಂಚದಂತೆ ಬರಿಯ ಉಪಕರಣ ಎಂಬುದು. ಕುಂಚಕ್ಕೆ ಯಾರೂ 624 ಬಾರಿ ಆಜ್ಞೆ ಮಾಡುವುದಿಲ್ಲ. ಆಜ್ಞೆಯನ್ನು ಪಡೆಯುವುದು ಕೆಲಸಗಾರನೇ ಹೊರತು ಉಪಕರಣವಲ್ಲ. ಕನ್ನಡದ ವ್ಯಾಕರಣ ಈ ಭೇದವನ್ನು 'ಇಸು' ಎಂಬ ಒಂದು ಪ್ರತ್ಯಯದಿಂದ ಸ್ಪಷ್ಟಪಡಿಸಿಬಿಡುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಶಾಸನ ಚಾವುಂಡರಾಯನ ಬಗ್ಗೆ ಹೇಳುವ ಕ್ರಿಯಾಪದ 'ಮಾಡಿಸಿದಂ' ಎಂಬುದು, 'ಮಾಡಿದಂ' ಎಂದಲ್ಲ. ಬೆಟ್ಟವನ್ನು ಆಯ್ದುದರಲ್ಲಿ, ಧನವನ್ನು ಒದಗಿಸಿದುದರಲ್ಲಿ, ಆ ಮೂರ್ತಿಯನ್ನು ಬಯಸಿದುದರಲ್ಲಿ ಅವನ ಪಾಲು ಅಲ್ಪದ್ದಲ್ಲ. ಆದರೂ ಅವನು ಉಳಿ ಹಿಡಿದವನ ಕ್ರಿಯಾಪದವನ್ನು ತನ್ನದಾಗಿಸಿಕೊಳ್ಳಲಿಲ್ಲ. ಶಿಲ್ಪಿಯ ಹೆಸರು ಆ ಸಾಲಿನಲ್ಲಿ ಇಲ್ಲವಲ್ಲ ಎಂದು ಆಕ್ಷೇಪಿಸಬಹುದು. ಇಲ್ಲ, ನಿಜ, ಅದು ಆ ಕಾಲದ ಕೊರತೆಯೇ. ಆದರೆ ಆ 'ಇಸು' ಅಲ್ಲಿ ಶಿಲ್ಪಿಗೊಂದು ಸ್ಥಳವನ್ನು ತೆರವಾಗಿ ಇಟ್ಟಿದೆ, ಓದಿದವರಿಗೆಲ್ಲ ಅವನು ಯಾರೆಂಬ ಪ್ರಶ್ನೆ ಏಳುತ್ತದೆ. ಚಾವುಂಡರಾಯ ಸ್ವತಃ ಗ್ರಂಥಕರ್ತ ಎಂಬುದನ್ನೂ ನೆನೆಯಬೇಕು. 978ರ ಚಾವುಂಡರಾಯಪುರಾಣವನ್ನು ಬರೆದವನಿಗೆ ಮಾಡುವುದಕ್ಕೂ ಮಾಡಿಸುವುದಕ್ಕೂ ಇರುವ ಅಂತರ ತಿಳಿಯದ್ದಾಗಿರಲಿಲ್ಲ. ಅಮೆರಿಕದ ಕಚೇರಿಯೂ 2023ರ ಮಾರ್ಚ್‌ನ ತನ್ನ ಮಾರ್ಗಸೂಚಿಯಲ್ಲಿ ಇಂತಹ ಸೂಚನೆಗಳನ್ನು ಕಲಾವಿದನಿಗೆ ಕೆಲಸ ಒಪ್ಪಿಸುವವನ ಸೂಚನೆಗಳಿಗೆ ಹೋಲಿಸಿತು.

ಎರಡನೆಯ ವಾದ ಸಾಹಿತ್ಯ ಬಲ್ಲವರಿಂದಲೇ ಬರುವಂಥದು, ಆದಕಾರಣ ಹೆಚ್ಚು ಅಪಾಯಕರ. ಪಂಪನೂ ಪೂರ್ವಕವಿಗಳಿಂದ ಪಡೆದವನೇ ತಾನೆ, ಯಂತ್ರ ಮಾಡುವುದೂ ಅದನ್ನೇ ಅಲ್ಲವೆ ಎಂಬ ಪ್ರಶ್ನೆ ಅದು. ಈ ಪ್ರಶ್ನೆಗೆ ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿಯೇ ಉತ್ತರಿಸಿಟ್ಟಿದ್ದಾನೆ. ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳ ಸಾದೃಶ್ಯವನ್ನು ಅವನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯ ಪ್ರತಿಬಿಂಬದಂತಹುದು, ಬರೆದ ಚಿತ್ರದಂತಹುದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ದೇಹಧಾರಿಗಳಂತಹುದು. ಮೊದಲೆರಡು ತ್ಯಾಜ್ಯ; ಮೂರನೆಯದು ಗ್ರಾಹ್ಯ, ಏಕೆಂದರೆ ಅಲ್ಲಿ ಹೋಲಿಕೆಯಿದ್ದರೂ ಆತ್ಮ ಬೇರೆ. ಜಿನಸೇನನ ಸಂಸ್ಕೃತ ಪುರಾಣವನ್ನು ಮುಂದಿಟ್ಟುಕೊಂಡೇ ಪಂಪ ಕನ್ನಡ ಆದಿಪುರಾಣವನ್ನು ರಚಿಸಿದ. ಆದರೂ ಎರಡನ್ನು ಕೂಡಿಸಿ ಓದಿದವರಾರೂ ಒಂದು ಇನ್ನೊಂದರ ನೆರಳೆಂದು ಹೇಳಲಾರರು.

ಇದಕ್ಕೆ ಋಣದ ಮಾತೂ ಸೇರಬೇಕು. ಆದಿಪುರಾಣದ ಪೀಠಿಕೆಯಲ್ಲಿ ಪಂಪ ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದರನ್ನು ಸ್ಮರಿಸುತ್ತಾನೆ. ಜೈನ ಕವಿಗಳಲ್ಲಿ ಪೂರ್ವಸೂರಿಗಳ ಸ್ಮರಣೆ ಬರಿಯ ಶಿಷ್ಟಾಚಾರವಲ್ಲ, ಪಡೆದುದರ ಒಪ್ಪಿಗೆ. ಚಿತ್ರಯಂತ್ರದ ಲೋಕದಲ್ಲಿ ಹೆಸರು ಹೇಗೆ ಬಳಕೆಯಾಗುತ್ತದೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪೋಲೆಂಡಿನ ಗ್ರೆಗ್ ರುಟ್ಕೋವ್‌ಸ್ಕಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', 'ಮ್ಯಾಜಿಕ್: ದಿ ಗ್ಯಾದರಿಂಗ್' ಮೊದಲಾದ ಆಟಗಳಿಗೆ ಚಿತ್ರ ಬರೆದವರು. 2022ರ ಸೆಪ್ಟೆಂಬರ್ ವೇಳೆಗೆ 'ಸ್ಟೇಬಲ್ ಡಿಫ್ಯೂಷನ್' ಎಂಬ ಯಂತ್ರಕ್ಕೆ ಕೊಟ್ಟ ಸೂಚನೆಗಳಲ್ಲಿ ಅವರ ಹೆಸರು ಸುಮಾರು 93,000 ಬಾರಿ ಬಂದಿದ್ದಿತು. ಪಿಕಾಸೊ, ಮೈಕೆಲಾಂಜೆಲೊ ಹೆಸರುಗಳು ಅದರ ಹತ್ತಿರಕ್ಕೂ ಬಂದಿರಲಿಲ್ಲ. ಅಷ್ಟು ಬಾರಿ ಹೆಸರನ್ನು ಕರೆದರು, ಆದರೆ ಮೂಡಿದ ಚಿತ್ರದ ಮೇಲೆ ಆ ಹೆಸರಿಲ್ಲ. ಇದು ಸ್ಮರಣೆಯಲ್ಲ, ಜೀತಕ್ಕೆ ಕೂಗಿ ಕರೆದಂತೆ. ಆ ಯಂತ್ರವನ್ನು ತರಬೇತುಗೊಳಿಸಿದ ಚಿತ್ರಗಳನ್ನು ಆಯ್ದುಕೊಂಡದ್ದು ಲಯಾನ್ ಎಂಬ ಸಂಗ್ರಹದಿಂದ. 585 ಕೋಟಿ ಚಿತ್ರ-ಬರಹದ ಜೋಡಿಗಳನ್ನು ಅಂತರ್ಜಾಲದಿಂದ ಗುರುತಿಸಿ ಪಟ್ಟಿಮಾಡಿದ ಸಂಗ್ರಹವದು. ಬರೆದವರನ್ನು ಯಾರೂ ಕೇಳಲಿಲ್ಲ. ಜೈನಶಾಸ್ತ್ರ ಕಳವನ್ನು ಅದತ್ತಾದಾನವೆಂದು ಕರೆಯುತ್ತದೆ, ಎಂದರೆ ಕೊಡದುದನ್ನು ತೆಗೆದುಕೊಳ್ಳುವುದು. ಬಾಗಿಲು ತೆರೆದಿತ್ತೆಂಬ ಸಮರ್ಥನೆಗೆ ಆ ವ್ಯಾಖ್ಯೆಯಲ್ಲಿ ಎಡೆಯಿಲ್ಲ.

ನೋಡುವವರಿಗೆ ಸಂತೋಷವಾದರೆ ಸಾಲದೆ ಎಂದು ಮತ್ತೆ ಕೆಲವರು ಕೇಳುತ್ತಾರೆ. ಕೊಲರಾಡೊದ ತೀರ್ಪುಗಾರರ ನಿಲುವೂ ಇದೇ. ಆದಿಪುರಾಣದ ನೀಲಾಂಜನೆಯ ಪ್ರಸಂಗ ಇವರಿಗಾಗಿಯೇ ಇದ್ದಂತಿದೆ. ಆದಿದೇವನ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ನೀಲಾಂಜನೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣವೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ, ಸಭೆಗೆ ಏನೂ ತಿಳಿಯಲಿಲ್ಲ. ಆದಿದೇವನೊಬ್ಬ ಕಂಡ. ಸಭೆಯ ಸಂತೋಷ ಸುಳ್ಳೆಂದು ಪಂಪ ಹೇಳುವುದಿಲ್ಲ. ಆದರೆ ಒಂದು ಜೀವ ಇಲ್ಲವಾದದ್ದು ಆ ಸಂತೋಷದ ಲೆಕ್ಕಕ್ಕೆ ಬರಲಿಲ್ಲವೆಂಬುದನ್ನು ಕಾಣಿಸುತ್ತಾನೆ. ಪ್ರಸಂಗವನ್ನು ನೃತ್ಯವರ್ಣನೆಯ ಮಾದರಿಯಾಗಿಯಷ್ಟೇ ಪಾಠ ಹೇಳುವ ತರಗತಿಗಳಲ್ಲಿ ಇದು ಜಾರಿಹೋಗುತ್ತದೆ, ಆ ಮಾತು ಬೇರೆ.

ಒಬ್ಬನೇ ಕುಳಿತು ಆಟ ಕಟ್ಟುವ ಸ್ವತಂತ್ರ ಕಲಾವಿದನ ಬಡತನವನ್ನು ಮುಂದಿಡುವ ವಾದವೊಂದಿದೆ, ಅದನ್ನು ಮಾತ್ರ ಹಗುರವಾಗಿ ಕಾಣಲಾಗದು. ಚಿತ್ರಕಾರರನ್ನಿಟ್ಟುಕೊಳ್ಳಲು ಅವನಲ್ಲಿ ಹಣವಿಲ್ಲ, ಯಂತ್ರ ತಿಂಗಳಿಗೆ ಕೆಲವೇ ಡಾಲರುಗಳಿಗೆ ದೊರೆಯುತ್ತದೆ. ಆದರೆ ರುಟ್ಕೋವ್‌ಸ್ಕಿ ಅವರಂಥವರೂ ಕೆಲಸದಿಂದ ಕೆಲಸಕ್ಕೆ ಬದುಕುವವರೇ. ಒಬ್ಬ ಸಣ್ಣವನ ಖರ್ಚನ್ನು ಇನ್ನೊಬ್ಬ ಸಣ್ಣವನ ತಲೆಗೆ ಕಟ್ಟಿ, ನಡುವೆ ಚಂದಾ ಎಣಿಸಿಕೊಳ್ಳುವ ಕಂಪನಿಯ ಹೆಸರನ್ನೇ ಎತ್ತದಿರುವುದು ಬಡವರ ಪಕ್ಷ ವಹಿಸುವುದಲ್ಲ. ಬಳಸಲೇಬೇಕಾದವನು ಬಳಸಲಿ, ಬಳಸಿದೆನೆಂದು ಬರೆಯಲಿ. ಆಟಗಳನ್ನು ಮಾರುವ ಸ್ಟೀಮ್ ತಾಣ 2024ರ ಜನವರಿಯಿಂದ ಈ ಘೋಷಣೆಯನ್ನು ಕೇಳುತ್ತಿದೆ. ಅದಕ್ಕೆ ಹಣ ಬೇಕಿಲ್ಲ, ಒಂದು 'ಇಸು' ಸಾಕು.

ಅಲೆನ್ ಅದನ್ನೂ ಒಲ್ಲದೆ 2024ರ ಸೆಪ್ಟೆಂಬರಿನಲ್ಲಿ ಕೊಲರಾಡೊದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದರು, ಚಿತ್ರವನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲು. ಅದಕ್ಕೂ ಮೊದಲೇ, 2023ರ ಜನವರಿಯಲ್ಲಿ, ಆಟಗಳಿಗೂ ಸಿನಿಮಾಗಳಿಗೂ ಚಿತ್ರ ಬರೆಯುವ ಕಾರ್ಲಾ ಒರ್ಟಿಜ್ ಇನ್ನಿಬ್ಬರು ಕಲಾವಿದರೊಡನೆ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಿದ್ದರು. ತಮ್ಮನ್ನು ಕೇಳದೆ ತಮ್ಮ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿದ್ದೇಕೆಂದು ಅವರು ಪ್ರಶ್ನಿಸಿದ ಕಂಪನಿಗಳಲ್ಲಿ ಮಿಡ್‌ಜರ್ನಿಯೂ ಒಂದು.