ಐವತ್ತು ದಾಟಿದ ದಂಪತಿಗಳಿಗೂ ಒಂದು ಶಿಬಿರ ಬೇಕು

ಮದುವೆ ನಿಶ್ಚಯವಾದ ತರುಣ ತರುಣಿಯರನ್ನು ನಮ್ಮ ಧರ್ಮಸಭೆ ವಿವಾಹ ಸಿದ್ಧತಾ ಶಿಬಿರಕ್ಕೆ ಕರೆಯುತ್ತದೆ. ಇದು ಉಚಿತವೇ ಸರಿ. ಆದರೆ ಇಪ್ಪತ್ತೈದರಲ್ಲಿ ಒಂದಾದ ಎರಡು ಮನಸ್ಸುಗಳು ಐವತ್ತರಲ್ಲಿಯೂ ಅದನ್ನೇ ಬಯಸುತ್ತವೆಂದು ಭಾವಿಸುವುದು ಸರಿಯೇ?

ಮನಶ್ಶಾಸ್ತ್ರಜ್ಞ ಶಾಲೋಮ್ ಶ್ವಾರ್ಟ್ಜ್ 1992ರಲ್ಲಿ ಮಾನವ ಮೌಲ್ಯಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಅಧಿಕಾರ, ಸಾಧನೆ, ಪರಹಿತ, ಭದ್ರತೆ, ಸಂಪ್ರದಾಯ ಅವುಗಳಲ್ಲಿ ಕೆಲವು. ಅವರೂ ಸಹಸಂಶೋಧಕಿ ರೂಬೆಲ್ ಅವರೂ 2005ರಲ್ಲಿ 70 ದೇಶಗಳ ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವನ್ನು ಪ್ರಕಟಿಸಿದರು. ಪುರುಷರು ಅಧಿಕಾರ ಮತ್ತು ಸಾಧನೆಗೆ, ಸ್ತ್ರೀಯರು ಪರಹಿತಕ್ಕೆ ತುಸು ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಈ ಅಂತರ ಅತ್ಯಲ್ಪ. ವಯಸ್ಸಿನ ಪ್ರಭಾವ ಅದಕ್ಕಿಂತ ಹೆಚ್ಚು, ಬೆಳೆದ ಸಮಾಜದ್ದು ಇನ್ನೂ ಹೆಚ್ಚು. ‘ಹೆಣ್ಣಿನ ಸ್ವಭಾವವೇ ಹಾಗೆ’ ಎನ್ನುವ ಹಿರಿಯರು ಇದನ್ನು ಗಮನಿಸಬೇಕು. ವಯಸ್ಸಾದಂತೆ ಸಾಧನೆಯ ಹಂಬಲ ತಗ್ಗಿ, ಭದ್ರತೆ ಮತ್ತು ಸಂಪ್ರದಾಯಗಳತ್ತ ಮನಸ್ಸು ವಾಲುವುದು ಸಾಮಾನ್ಯ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಇದಕ್ಕೆ ಬೇರೆಯೇ ಬಣ್ಣವುಂಟು. ತೊಗರಿ ಕೈಕೊಟ್ಟ ವರ್ಷ ಹಿರಿಯರ ಮಾತು ಮೀರಿ ಮುಂಬಯಿಗೋ ಪುಣೆಗೋ ಗುಳೆ ಹೋದ ಯುವಕ, ನಡುವಯಸ್ಸಿನಲ್ಲಿ ಊರಿಗೆ ಮರಳಿ, ಅದೇ ಹಿರಿಯರ ಕಟ್ಟಳೆಗೆ ಕಾವಲುಗಾರನಾಗುತ್ತಾನೆ. ಇತ್ತ ಹೊಲ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಆತನ ಪತ್ನಿ, 2000ದ ನಂತರ ಊರೂರಿಗೆ ಬಂದ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಹಾಕಲು, ಬ್ಯಾಂಕಿನಲ್ಲಿ ಧೈರ್ಯದಿಂದ ಮಾತನಾಡಲು ಕಲಿತಿರುತ್ತಾಳೆ. ಆತ ಸಂಪ್ರದಾಯದ ಕಡೆಗೆ ಹೊರಳುವ ಹೊತ್ತಿಗೆ ಆಕೆ ಸ್ವಂತ ವಿವೇಕದ ಮೇಲೆ ನಿಲ್ಲುತ್ತಾಳೆ. ಎಲ್ಲ ಮನೆಗಳೂ ಹೀಗೆಂದಲ್ಲ. ಇರುವ ಮನೆಗಳಲ್ಲಿ ಮಾತ್ರ ‘ನೀ ಮೊದಲಿನಂಗಿಲ್ಲ’ ಎಂಬ ಮಾತು ಎರಡೂ ಕಡೆಯಿಂದ ಕೇಳಿಬರುತ್ತದೆ.

ಇದು ಬರಿಯ ಮುನಿಸಾಗಿದ್ದರೆ ಬರೆಯಬೇಕಾಗಿರಲಿಲ್ಲ. ಪೆಟ್ಟು ಬೀಳುವುದು ಹೆಣ್ಣುಮಕ್ಕಳಿಗೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯ ಮೂರನೆಯ ಒಂದು ಪಾಲು ಪತ್ನಿಗೆ. ಉಳಿದುದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಸಮನಾಗಿ. ಆದರೆ ಇಳಿವಯಸ್ಸಿನಲ್ಲಿ ತಂದೆಗೆ ‘ಹೊಲ ಗಂಡುಮಕ್ಕಳದು’ ಎಂಬ ಹಳೆಯ ನಂಬಿಕೆಯೇ ದೊಡ್ಡದಾಗಿ, ಉಯಿಲು ಅದರಂತೆಯೇ ಸಿದ್ಧವಾಗುತ್ತದೆ. ಇಲ್ಲವೇ ಹೆಣ್ಣುಮಕ್ಕಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಾಗುತ್ತದೆ. ತಾಯಿಯನ್ನು ಕೇಳುವವರಾರು?

ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2016ರ ‘ಅಮೋರಿಸ್ ಲೆತೀತಿಯ’ ಬೋಧನಾಪತ್ರದಲ್ಲಿ, ಆಯುಷ್ಯ ದೀರ್ಘವಾಗಿರುವ ಈ ಕಾಲದಲ್ಲಿ ದಂಪತಿಗಳು ಪರಸ್ಪರರನ್ನು ಮರಳಿ ಮರಳಿ ಆರಿಸಿಕೊಳ್ಳಬೇಕಾದ ಅಗತ್ಯವನ್ನು ವಿವರಿಸಿದ್ದಾರೆ. 2005ರಲ್ಲಿ ರಚನೆಯಾದ ನಮ್ಮ ಗುಲ್ಬರ್ಗಾ ಧರ್ಮಪ್ರಾಂತ್ಯದ ಧರ್ಮಕೇಂದ್ರಗಳು ತೊಗರಿ ರಾಶಿ ಮುಗಿದ ಮೇಲೆ ವರ್ಷಕ್ಕೊಂದು ದಿನ ಐವತ್ತು ದಾಟಿದ ದಂಪತಿಗಳನ್ನು ಕೂಡಿಸಲಿ. ಗುರುಗಳ ಜೊತೆಗೆ ಕಾನೂನು ಬಲ್ಲ ವಕೀಲರೊಬ್ಬರೂ ಇರಲಿ. ‘ಈ ವಯಸ್ಸಿನಲ್ಲಿ ಇದೆಲ್ಲ ಯಾತಕ್ಕೆ’ ಎಂದು ಗಂಡಸರು ಹಿಂದೇಟು ಹಾಕುವುದು ಖಚಿತ. ಆದುದರಿಂದ ಆಮಂತ್ರಣ ಮೊದಲು ಮನೆಯೊಡತಿಯ ಹೆಸರಿಗೇ ಹೋಗಲಿ.