ದೊಡ್ಡ ಟೈರು, ಸಣ್ಣ ಲಾಭ: ಪಿಕಪ್ ಸಾಗಣೆಯ ನಿಜವಾದ ಲೆಕ್ಕ

ರಾಯಚೂರು ಜಿಲ್ಲೆಯ ವ್ಯಾಪಾರದಲ್ಲಿ ಪಿಕಪ್ ವಾಹನದ ಸ್ಥಾನ ಚಿಕ್ಕದೇನೂ ಅಲ್ಲ. ಗಿರಣಿಯಿಂದ ಹೊರರಾಜ್ಯಕ್ಕೆ ಮಾಲು ಕೊಂಡೊಯ್ಯುವುದು ದೊಡ್ಡ ಲಾರಿಯಾದರೂ, ಹಳ್ಳಿಯಿಂದ ಗಂಜಿಗೆ, ಗಂಜಿನಿಂದ ಗಿರಣಿಗೆ, ಸಗಟು ಅಂಗಡಿಯಿಂದ ಚಿಲ್ಲರೆ ಅಂಗಡಿಗೆ ಮಾಲು ಮುಟ್ಟಿಸುವುದು ಬಹುಮಟ್ಟಿಗೆ ಈ ಸಣ್ಣ ವಾಹನವೇ. ಅದರ ಮಾಲೀಕ ಅನೇಕ ವೇಳೆ ಸ್ವತಃ ಸಣ್ಣ ವರ್ತಕ, ಇಲ್ಲವೆ ಸಾಲದ ಕಂತು ಕಟ್ಟುತ್ತಿರುವ ಚಾಲಕ. ಡೀಸೆಲ್, ಟೈರು, ದುರಸ್ತಿ ಈ ಮೂರರಲ್ಲಿ ಉಳಿದದ್ದೇ ಅವನ ಆದಾಯ.

ಟೈರು ಸವೆದು ಬದಲಿಸುವ ಸಮಯ ಬಂದಾಗ ಇಂಥ ಮಾಲೀಕನಿಗೆ ಒಂದು ಆಕರ್ಷಣೆ ಎದುರಾಗುತ್ತದೆ. ಕಂಪನಿ ಕೊಟ್ಟ ಅಳತೆಯನ್ನು ಬಿಟ್ಟು ಒಂದು ಅಳತೆ ದೊಡ್ಡದನ್ನು ಹಾಕಿಸಿದರೆ ಗಾಡಿ ಎತ್ತರವಾಗುತ್ತದೆ, ಕೆಟ್ಟ ರಸ್ತೆಯಲ್ಲಿ ಸರಾಗವಾಗಿ ಹೋಗುತ್ತದೆ, ಹೆಚ್ಚು ಭಾರ ತಡೆಯುತ್ತದೆ ಎಂಬ ನಂಬಿಕೆ ಅದು. ಈ ನಂಬಿಕೆಯಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಲಾಭ ಕಣ್ಣಿಗೆ ಕಾಣುವಂಥದು, ನಷ್ಟ ಲೆಕ್ಕದಲ್ಲಿ ಅಡಗಿರುವಂಥದು. ಆದಕಾರಣ ಈ ವಿಷಯವನ್ನು ಅಂಕಿಗಳಿಂದಲೇ ಪರಿಶೀಲಿಸುವುದು ಯುಕ್ತ.

ಮೀಟರು ಹೇಳದ ಕಿಲೋಮೀಟರು

ಟೈರಿನ ಮೇಲೆ 215/75 ಆರ್ 15 ಎಂದು ಬರೆದಿದ್ದರೆ ಅದರ ಅಗಲ 215 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ಮಿನ ವ್ಯಾಸ 15 ಅಂಗುಲ ಎಂದರ್ಥ. ಈ ಟೈರಿನ ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರು. ಅದೇ ರಿಮ್ಮಿಗೆ 235/75 ಆರ್ 15 ಹಾಕಿಸಿದರೆ ವ್ಯಾಸ 733 ಮಿಲಿಮೀಟರು ದಾಟುತ್ತದೆ. ವ್ಯತ್ಯಾಸ 30 ಮಿಲಿಮೀಟರು, ಅಂದರೆ ಶೇ. 4ಕ್ಕಿಂತ ತುಸು ಹೆಚ್ಚು. ನೆಲದಿಂದ ಗಾಡಿ ಮೇಲೇಳುವುದಾದರೋ ಇದರ ಅರ್ಧ, 15 ಮಿಲಿಮೀಟರು ಮಾತ್ರ.

ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಕ್ರಮಿಸುತ್ತದೆ. ಮೀಟರು ಎಣಿಸುವುದು ಸುತ್ತುಗಳನ್ನೇ ಹೊರತು ರಸ್ತೆಯನ್ನಲ್ಲ. ಆದ್ದರಿಂದ ಮುಳ್ಳು 60ರಲ್ಲಿದ್ದಾಗ ಗಾಡಿ 62ಕ್ಕೂ ಮೀರಿದ ವೇಗದಲ್ಲಿರುತ್ತದೆ. ತಿಂಗಳಿಗೆ ನಿಜವಾಗಿ 2,500 ಕಿ.ಮೀ. ಓಡಿದರೆ ಮೀಟರಿನಲ್ಲಿ ಬರುವುದು 2,398 ಮಾತ್ರ. ಕಿಲೋಮೀಟರಿನ ಲೆಕ್ಕದಲ್ಲಿ ಬಾಡಿಗೆ ಪಡೆಯುವವನು ಪ್ರತಿ ತಿಂಗಳು 102 ಕಿ.ಮೀ. ಬಾಡಿಗೆಯನ್ನು ತನಗೆ ಅರಿವಿಲ್ಲದೆಯೇ ಬಿಟ್ಟುಕೊಡುತ್ತಾನೆ. ಆಯಿಲ್ ಬದಲಾವಣೆಯೂ ಅಷ್ಟೇ ಪ್ರಮಾಣದಲ್ಲಿ ತಡವಾಗುತ್ತದೆ.

ಮೈಲೇಜಿನ ಲೆಕ್ಕವೂ ಇದರಿಂದಲೇ ಕೆಡುತ್ತದೆ. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ ದೊಡ್ಡ ಟೈರಿನ ನಂತರ ನಿಜವಾಗಿ 11 ಕೊಡುತ್ತಿದೆ ಎಂದು ಭಾವಿಸೋಣ. ತಿಂಗಳಿಗೆ ಸುಮಾರು 19 ಲೀಟರು ಡೀಸೆಲ್ ಹೆಚ್ಚು ಬೇಕು. ಲೀಟರಿಗೆ 90 ರೂ. ಹಿಡಿದರೂ ಅದು 1,700 ರೂ. ಆಯಿತು. ಆದರೆ ಮೀಟರನ್ನು ನಂಬಿ ಲೆಕ್ಕ ಹಾಕಿದವನಿಗೆ ಮೈಲೇಜು 10.5 ಎಂದೇ ಕಾಣುತ್ತದೆ. ಅವನು ಇಂಜಿನ್ ಕೆಟ್ಟಿತೆಂದು ಮೆಕ್ಯಾನಿಕನ ಬಳಿಗೆ ಹೋಗಬಹುದು, ಇಲ್ಲವೆ ಚಾಲಕನ ಪ್ರಾಮಾಣಿಕತೆಯನ್ನೇ ಶಂಕಿಸಬಹುದು. ದೋಷ ಇಬ್ಬರದೂ ಅಲ್ಲ.

ಎಳೆತ ಮತ್ತು ಬ್ರೇಕು

ವಾಹನದ ಗೇರುಗಳ ಅನುಪಾತವನ್ನು ತಯಾರಕರು ನಿರ್ದಿಷ್ಟ ಗಾಲಿಯ ಅಳತೆಗೆ ಹೊಂದಿಸಿರುತ್ತಾರೆ. ಗಾಲಿ ಶೇ. 4ರಷ್ಟು ದೊಡ್ಡದಾದರೆ ನೆಲದ ಮೇಲೆ ಎಳೆಯುವ ಬಲ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಒಟ್ಟು ತೂಕ 3 ಟನ್ ಇರುವ ಗಾಡಿಯ ಇಂಜಿನ್ನಿಗೆ ಇದು 125 ಕಿಲೋಗಿಂತ ಹೆಚ್ಚಿನ ಭಾರವನ್ನು ಹೊಸದಾಗಿ ಹೇರಿದಂತೆ. ಅದರ ಜೊತೆಗೆ ಟೈರಿನ ಸ್ವಂತ ತೂಕವೂ ಏರುತ್ತದೆ. ಗಾಲಿಯ ಅಂಚಿನಲ್ಲಿರುವ ಈ ತೂಕವನ್ನು ಪ್ರತಿ ಬಾರಿ ನಿಂತು ಹೊರಡುವಾಗಲೂ ಇಂಜಿನ್ ಹೊಸದಾಗಿ ತಿರುಗಿಸಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ, ಹಗುರ ಭಾರದಲ್ಲಿ ಓಡುವ ಗಾಡಿಗೆ ಈ ಹೊರೆ ಅಷ್ಟಾಗಿ ತಟ್ಟದು. ಆದರೆ ಗಂಜಿನ ಬಾಗಿಲು, ತೂಕದ ಸೇತುವೆ, ಊರೂರಿನ ವೇಗತಡೆ, ಗಿರಣಿಯ ಸರದಿ ಇವುಗಳ ನಡುವೆ ಓಡುವ ರಾಯಚೂರಿನ ಪಿಕಪ್ಪಿಗೆ ಕ್ಲಚ್ಚಿನ ಸವೆತವೂ ಡೀಸೆಲಿನ ಖರ್ಚೂ ಅನಿವಾರ್ಯ.

ಬ್ರೇಕಿನದೂ ಇದೇ ಕಥೆ. ಬ್ರೇಕಿನ ಶಕ್ತಿ ಮೊದಲಿನಷ್ಟೇ ಇರುತ್ತದೆ. ಗಾಲಿಯ ತ್ರಿಜ್ಯ ಹೆಚ್ಚಿದ್ದರಿಂದ ರಸ್ತೆಯ ಮೇಲೆ ತಡೆಯುವ ಬಲ ಇಳಿಯುತ್ತದೆ. ಮೀಟರಿಗಿಂತ ವೇಗವಾಗಿ ಓಡುತ್ತಿರುವ ಗಾಡಿಯನ್ನು ನಿಲ್ಲಿಸಲು ಚಾಲಕ ಪೆಡಲನ್ನು ಮೊದಲಿಗಿಂತ ಬಲವಾಗಿ ತುಳಿಯಬೇಕು.

ಮಾನ್ವಿಯ ಭತ್ತ, ದೇವದುರ್ಗದ ಹತ್ತಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತ ತೂಕದ ಮಾಲು. ಜಾಗ ತುಂಬುವ ಮೊದಲೇ ಗಾಡಿಯ ಮಿತಿ ಮುಗಿದಿರುತ್ತದೆ. ಇನ್ನು ನಾಲ್ಕು ಚೀಲ ಹೇರಲು ಜಾಗ ಕಾಣುತ್ತದೆ. ದೊಡ್ಡ ಟೈರು ಅದಕ್ಕೆ ಧೈರ್ಯ ಕೊಡುತ್ತದೆ. ಈ ಧೈರ್ಯವೇ ಅಪಾಯಕಾರಿ. ಟೈರಿನ ಧಾರಣಶಕ್ತಿ ಏರಿದ ಮಾತ್ರಕ್ಕೆ ಆಕ್ಸೆಲ್, ಸ್ಪ್ರಿಂಗ್ ಪಟ್ಟಿ, ಬೇರಿಂಗ್, ಬ್ರೇಕುಗಳ ಶಕ್ತಿ ಏರುವುದಿಲ್ಲ. ಸರಪಳಿಯ ಒಂದು ಕೊಂಡಿಯನ್ನು ದಪ್ಪ ಮಾಡಿದರೆ ಸರಪಳಿ ಗಟ್ಟಿಯಾಗದು.

ದೇವದುರ್ಗದ ಹತ್ತಿ ಇದಕ್ಕೆ ವಿರುದ್ಧವಾದದ್ದು. ಅದು ತೂಕಕ್ಕಿಂತ ಮೊದಲು ಜಾಗವನ್ನು ತುಂಬುತ್ತದೆ. ಆದ್ದರಿಂದ ಎತ್ತರಕ್ಕೆ ಹೇರಲಾಗುತ್ತದೆ. ಎತ್ತರದ ಹೇರು ಗಾಳಿಗೆ ಅಡ್ಡ ನಿಂತು ಮೊದಲೇ ಡೀಸೆಲ್ ತಿನ್ನುತ್ತದೆ. ಅಂಥ ಗಾಡಿಯನ್ನು ಇನ್ನಷ್ಟು ಎತ್ತರಿಸುವುದು ತಿರುವಿನಲ್ಲಿ ಅದರ ಸಮತೋಲವನ್ನು ಕೆಡಿಸುವುದೇ ಆಗಿದೆ.

ಎರೆ ಭೂಮಿಯ ಹಾದಿಗೆ ದೊಡ್ಡ ಟೈರು ಬೇಕೇ ಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಮೆತ್ತನೆಯ ನೆಲದಲ್ಲಿ ದೊಡ್ಡ ವ್ಯಾಸದ ಗಾಲಿ ಕಡಿಮೆ ಹೂಳುತ್ತದೆ ಎಂಬುದು ನಿಜ. ಆದರೆ ಮಳೆಯಲ್ಲಿ ನೆಂದ ಎರೆ ಮಣ್ಣು ಟೈರಿನ ಅಚ್ಚಿನ ಸಂದುಗಳಲ್ಲಿ ತುಂಬಿಕೊಂಡು ಅದನ್ನು ನುಣುಪಾಗಿಸಿದ ಮೇಲೆ 15 ಮಿಲಿಮೀಟರಿನ ಎತ್ತರ ಉಳಿಸಲಾರದು. ಅಲ್ಲಿ ಕೆಲಸಕ್ಕೆ ಬರುವುದು ಅಳತೆಗಿಂತ ಅಚ್ಚು. ಕಂಪನಿಯ ಅಳತೆಯಲ್ಲಿಯೇ ಆಳವಾದ ಅಚ್ಚಿನ ಟೈರುಗಳನ್ನು ಹಿಂದಿನ ಗಾಲಿಗಳಿಗೆ ಹಾಕಿಸಬಹುದು. ಅದರಿಂದಲೂ ಮೈಲೇಜು ತುಸು ಇಳಿಯುತ್ತದೆ, ಆದರೆ ಮೀಟರು, ಗೇರು, ಬ್ರೇಕುಗಳ ಲೆಕ್ಕ ಕೆಡುವುದಿಲ್ಲ. ಹೊಲದಿಂದ ರಸ್ತೆಯ ತನಕ ಟ್ರಾಕ್ಟರ್, ರಸ್ತೆಯಿಂದ ಗಂಜಿನ ತನಕ ಪಿಕಪ್ ಎಂಬ ವಿಭಜನೆ ಇನ್ನೂ ವಿವೇಕದ್ದು.

ಕಾನೂನು ಮತ್ತು ಹೊಣೆ

ಸರಕು ವಾಹನದ ನೋಂದಣಿಯಲ್ಲಿ ಟೈರುಗಳ ಸಂಖ್ಯೆ ಮತ್ತು ಅಳತೆಯೂ ದಾಖಲಾಗುತ್ತವೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ ದಂಡ 20,000 ರೂ., ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ಅರ್ಹತಾ ಪತ್ರದ ತಪಾಸಣೆಯಲ್ಲಿ ತೊಡಕು, ಅಪಘಾತದ ನಂತರ ವಿಮೆಯಲ್ಲಿ ತಕರಾರು ಇವು ಬೇರೆ.

ಆದರೆ ಹೊಣೆಯನ್ನೆಲ್ಲ ವಾಹನ ಮಾಲೀಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಟ್ರಿಪ್ಪಿಗೆ ಇಷ್ಟೆಂದು ಬಾಡಿಗೆ ನಿಗದಿಮಾಡಿ, ಅದೇ ಹಣದಲ್ಲಿ ಇನ್ನೂ ಕೆಲವು ಚೀಲ ಬರಲಿ ಎಂದು ಬಯಸುವವರು ಮಾಲು ಕಳುಹಿಸುವ ವರ್ತಕರು, ಅಡತಿದಾರರು, ಗಿರಣಿಯವರು. ದೊಡ್ಡ ಟೈರಿನ ಬೇಡಿಕೆಯ ಹಿಂದೆ ಈ ಒತ್ತಡವೂ ಇದೆ. ಬಾಡಿಗೆಯನ್ನು ಗಾಡಿಯ ಅನುಮತಿಸಿದ ತೂಕ ಮತ್ತು ನಿಜವಾದ ದೂರದ ಮೇಲೆ ನಿಶ್ಚಯಿಸಿದರೆ ಹೆಚ್ಚು ಹೇರುವ ಆಸೆಗೂ, ಟೈರು ಹಿಗ್ಗಿಸುವ ಆಸೆಗೂ ಕಾರಣ ಉಳಿಯದು.

ಈಗಾಗಲೇ ಟೈರು ಬದಲಿಸಿದವರು ರಸ್ತೆಬದಿಯ ಕಿಲೋಮೀಟರು ಕಲ್ಲುಗಳನ್ನು ನೋಡಿ 20 ಕಿ.ಮೀ. ಓಡಿಸಿ ಮೀಟರಿನ ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು; ಟ್ಯಾಂಕು ತುಂಬಿಸಿ ಮತ್ತೆ ತುಂಬಿಸುವ ತನಕದ ಮೈಲೇಜನ್ನು ಆ ವ್ಯತ್ಯಾಸ ಸೇರಿಸಿಯೇ ಲೆಕ್ಕ ಹಾಕಬೇಕು. ಹೊಸ ಟೈರು ಕೊಳ್ಳುವವರು ಕಂಪನಿ ಸೂಚಿಸಿದ ಅಳತೆ ಮತ್ತು ಪ್ಲೈ ಬಿಟ್ಟು ಸರಿಯಬಾರದು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವಂಥದು. ಹವಾ ಕಡಿಮೆ ಇರುವ ಟೈರು ಆ ಬಿಸಿಲಿನಲ್ಲಿ ಬೇಗ ಕಾದು ಒಡೆಯುತ್ತದೆ, ಡೀಸೆಲನ್ನೂ ಹೆಚ್ಚು ಕುಡಿಯುತ್ತದೆ. ವಾರಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಗಾಡಿ ಹೊರಡುವ ಮುಂಚೆ ಹವಾ ನೋಡಿಸುವುದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ದೊಡ್ಡ ಟೈರಿನಿಂದ ಸಿಗುವುದೆಂದು ಭಾವಿಸಿದ ಉಳಿತಾಯಕ್ಕಿಂತ ಈ ಐದು ನಿಮಿಷದ ಉಳಿತಾಯವೇ ಖಚಿತವಾದದ್ದು.