ಹಣೆಬರಹ ಬರೆದವರು ಯಾರು?

ಕೇರಿಯಲ್ಲಿ ಕೂಸು ಸತ್ತರೆ ಎರಡು ಮಾತು ಕೇಳಿಬರುತ್ತವೆ. 'ಅದರ ಹಣೇಲಿ ಅಷ್ಟೇ ಬರೆದಿತ್ತು' ಅಂತ ಊರಿನವರು. 'ತಾಯಿಗೆ ತಿಳುವಳಿಕೆ ಸಾಲದು' ಅಂತ ಆಫೀಸಿನವರು. ಮೊದಲನೆಯದು ಜನಿವಾರದ ಪುರೋಹಿತನ ಮಾತು. ಎರಡನೆಯದು ಪ್ಯಾಂಟು ತೊಟ್ಟ ಪುರೋಹಿತನ ಮಾತು. ಎರಡರ ಕೆಲಸವೂ ಒಂದೇ: ಕೊಂದವರನ್ನು ಮರೆಮಾಡೋದು.

ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನವರು ನಾವು. ನಾವು ಬದುಕಿ ಉಳಿದವರು. ನಮ್ಮ ಹಿಂದೆ ಮುಂದೆ ಹುಟ್ಟಿ, ಹೆಸರಿಡುವ ಮೊದಲೇ ಮಣ್ಣಿಗೆ ಹೋದವರ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ. ಅದು ನಮ್ಮವ್ವಂದಿರ ಒಡಲಲ್ಲಿದೆ. ಡಿಗ್ರಿ ತಗೊಂಡ ಮೇಲೆ ನಾವು ಮೊದಲು ಓದಬೇಕಾದದ್ದು ಆ ಲೆಕ್ಕವನ್ನು.

ಸರ್ಕಾರವೇ ಮಾಡಿದ ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಈ ದೇಶದಲ್ಲಿ ಹುಟ್ಟಿದ 1000 ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವು ಪರಿಶಿಷ್ಟ ಜಾತಿಯಲ್ಲಿ ಸುಮಾರು 41, ಪರಿಶಿಷ್ಟ ಪಂಗಡದಲ್ಲಿ ಸುಮಾರು 42. ದಲಿತರೂ ಆದಿವಾಸಿಗಳೂ ಹಿಂದುಳಿದವರೂ ಅಲ್ಲದ 'ಇತರರ' ಪಟ್ಟಿಯಲ್ಲಿ ಸುಮಾರು 28. ಹಾಗಾದರೆ ಹಣೆಬರಹ ಬರೆಯೋನು ಜಾತಿ ಸರ್ಟಿಫಿಕೇಟು ನೋಡಿಕೊಂಡು ಬರೀತಾನೆಯೇ? 2020ರ ಮಾದರಿ ನೋಂದಣಿ ಲೆಕ್ಕದಲ್ಲಿ ಕರ್ನಾಟಕದ್ದು 19, ಕೇರಳದ್ದು 6. ಗುಂಡ್ಲುಪೇಟೆ ದಾಟಿ ವಯನಾಡಿಗೆ ಕಾಲಿಟ್ಟ ಕೂಡಲೇ ಬ್ರಹ್ಮನ ಕೈಬರಹ ಬದಲಾಗುತ್ತದೆಯೇ? ಗಡಿಗೆ ತಕ್ಕಂತೆ, ಜಾತಿಗೆ ತಕ್ಕಂತೆ ಬದಲಾಗುವುದು ಹಣೆಬರಹ ಅಲ್ಲ. ಅದು ಮನುಷ್ಯರು ಬರೆದದ್ದು. ಮನುಷ್ಯರು ಬರೆದದ್ದನ್ನು ಮನುಷ್ಯರು ಅಳಿಸಬಹುದು.

ಕೂಸಿನ ಸಾವು ಕೂಸು ಹುಟ್ಟುವ ಮೊದಲೇ ಶುರುವಾಗುತ್ತದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ರಕ್ತವಿಲ್ಲದ ತಾಯಿ, ತುಂಬು ಬಸುರಿನಲ್ಲೂ ಬಗ್ಗಿ ನಾಟಿ ಹಾಕುವ ತಾಯಿ, ಎಲ್ಲರಿಗೂ ಇಕ್ಕಿ ತಳದ ಗಂಜಿ ಕುಡಿಯುವ ತಾಯಿ ಎರಡೂವರೆ ಕೆ.ಜಿ.ಯೂ ತೂಗದ ಕೂಸನ್ನು ಹೆತ್ತರೆ ಅದರಲ್ಲಿ ಅಚ್ಚರಿ ಏನಿದೆ? ವರ್ಷದೊಳಗೆ ಸಾಯುವ ಕೂಸುಗಳಲ್ಲಿ ಮೂರರಲ್ಲಿ ಎರಡು ಪಾಲು ಮೊದಲ ತಿಂಗಳಲ್ಲೇ ಸಾಯುತ್ತವೆ. ತೂಕವಿಲ್ಲದ ಕೂಸಿಗೆ ಮೈ ಶಾಖ ನಿಲ್ಲೋದಿಲ್ಲ. ಸೋರುವ ಸೂರು, ಒದ್ದೆ ನೆಲ, ಒಂದೇ ಕೋಣೆಯೊಳಗೆ ಸೌದೆ ಒಲೆಯ ಹೊಗೆ. ಶೀತ ಎದೆಗೆ ಇಳಿಯುತ್ತದೆ. ಅದನ್ನೂ ದಾಟಿದರೆ ನೀರು ಕಾದು ಕೂತಿರುತ್ತದೆ. ಚರಂಡಿ ಪಕ್ಕದಲ್ಲೇ ಹಾದು ಬರುವ ಪೈಪಿನ ನೀರು. ಭೇದಿ ಹಿಡಿದ ಕೂಸು ಒಂದೇ ದಿನದಲ್ಲಿ ಒಣಗಿಹೋಗುತ್ತದೆ.

ಇದಕ್ಕೆಲ್ಲ ಮದ್ದು ಇಲ್ಲವೇ? ಇದೆ. ದುಬಾರಿಯೇ? ಅಲ್ಲ. ಸಣ್ಣ ಕೂಸನ್ನು ತಾಯಿಯ ಬರಿ ಎದೆಗೆ ಅವಚಿ ಹೊದಿಸಿಟ್ಟರೆ ಶಾಖ ನಿಲ್ಲುತ್ತದೆ. ಅದಕ್ಕೆ ಕಾಸು ಬೇಡ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ಭೇದಿಗೆ ಓ.ಆರ್.ಎಸ್. ಪುಡಿ ಸಾಕು. ಅದರಲ್ಲಿರೋದು ಮುಖ್ಯವಾಗಿ ಉಪ್ಪು, ಸಕ್ಕರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇದೇ ಉಪ್ಪು ಸಕ್ಕರೆಯ ನೀರು ಕುಡಿಸಿ ಕಾಲರಾ ಹಿಡಿದ ಸಾವಿರಾರು ಜೀವ ಉಳಿಸಿದರು.

ಆದರೆ ಈ ಮೂರು ಮದ್ದಿಗೂ ಒಂದು ಷರತ್ತಿದೆ. ತಾಯಿ ಕೂಸಿನ ಹತ್ತಿರ ಇರಬೇಕು. ಗಳಿಗೆಗಳಿಗೆಗೂ ಚಮಚೆಯಲ್ಲಿ ನೀರು ಹಾಕಲು ಒಬ್ಬರು ಕೂತಿರಬೇಕು. ಹೆತ್ತ ತಿಂಗಳೊಳಗೆ ಕಳೆ ಕೀಳಲು ಹೋಗುವವಳು ಎಲ್ಲಿ ಕೂರಬೇಕು? ಕೂಸನ್ನು ಏಳು ವರ್ಷದ ಅಕ್ಕನ ಸೊಂಟಕ್ಕೆ ಏರಿಸಿ ಹೋಗುತ್ತಾಳೆ. ಕೂಸಿಗೆ ಹಾಲು ತಪ್ಪಿತು, ಅಕ್ಕನಿಗೆ ಶಾಲೆ ತಪ್ಪಿತು. 'ಆರು ತಿಂಗಳು ಎದೆಹಾಲೇ ಕೊಡಮ್ಮ' ಅಂತ ಗೋಡೆ ಮೇಲೆ ಬರೆಸಿದ ಸ್ವಾಮಿಗಳೇ, ಆ ಆರು ತಿಂಗಳು ಅವಳ ಮನೆಗೆ ಅಕ್ಕಿ ರಾಗಿ ಎಲ್ಲಿಂದ ಬರಬೇಕು ಅಂತ ಯಾಕೆ ಬರೆಸಲಿಲ್ಲ? ಅವಳಿಗೆ ತಿಳುವಳಿಕೆ ಇದೆ. ಇಲ್ಲದಿರೋದು ಕೂಲಿ.

ಈ ದೇಶದಲ್ಲಿ ಬಾಣಂತಿಯರಲ್ಲೂ ಎರಡು ಜಾತಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು 12 ವಾರದ ಸಂಬಳದ ರಜೆ 26 ವಾರವಾಯಿತು. ನಮಗೆ ಸಂತೋಷವೇ. ಆದರೆ ಅದು ಹಾಜರಿ ಪುಸ್ತಕದಲ್ಲಿ ಹೆಸರಿರುವ ಹೆಂಗಸಿಗೆ. ಹೊಲದ ಬದುವಿಗೆ ಯಾವ ಹಾಜರಿ ಪುಸ್ತಕ? 2013ರ ಆಹಾರ ಭದ್ರತಾ ಕಾಯ್ದೆ ಬಸುರಿ ಬಾಣಂತಿಯರಿಗೆ 6000 ರೂಪಾಯಿಗೆ ಕಡಿಮೆ ಇಲ್ಲದಂತೆ ಕೊಡಬೇಕು ಅಂದಿತು. 2017ರಲ್ಲಿ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಅದನ್ನು 5000ಕ್ಕೆ ಇಳಿಸಿತು, ಅದೂ ಮೊದಲ ಕೂಸಿಗೆ ಮಾತ್ರ. 2022ರಲ್ಲಿ ಎರಡನೆಯದು ಹೆಣ್ಣಾದರೆ ಕೊಡುತ್ತೇವೆ ಅಂದರು. ಎರಡನೆಯದು ಗಂಡಾದರೆ ಬಾಣಂತಿಗೆ ಹಸಿವಾಗೋದಿಲ್ಲವೇ? ಒಬ್ಬಳಿಗೆ 26 ವಾರದ ಸಂಬಳ, ಇನ್ನೊಬ್ಬಳಿಗೆ ಕಂತಿನಲ್ಲಿ ಐದು ಸಾವಿರ. ಈ ವಂದನೆ ಯಾರಿಗೆ ಬೇಕು?

ಬಾಬಾಸಾಹೇಬರ ಮನೆಯನ್ನು ನೆನೆಯೋಣ. ಅವರಿಗೂ ರಮಾಬಾಯಿಗೂ ಹುಟ್ಟಿದ್ದು ಐದು ಮಕ್ಕಳು. ಗಂಗಾಧರ, ರಮೇಶ, ಇಂದು, ರಾಜರತ್ನ ಎಳೆತನದಲ್ಲೇ ತೀರಿಕೊಂಡರು. ಉಳಿದವನು ಯಶವಂತನೊಬ್ಬ. ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದವನ ಮನೆಯಲ್ಲೇ ಹೀಗೆ. ಅದು ತಿಳುವಳಿಕೆ ಇಲ್ಲದ್ದಕ್ಕೆ ಆದದ್ದೇ? ರಾಜರತ್ನ ಸತ್ತದ್ದು 1926ರಲ್ಲಿ. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅಂಬೇಡ್ಕರ್ ಎದ್ದು ನಿಂತು ಬೆಂಬಲಿಸಿದರು. ಹೆರಿಗೆಗೆ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಅದರ ಹೊರೆಯನ್ನು ಸರ್ಕಾರವೇ ಬಹುಪಾಲು ಹೊರಬೇಕು ಎಂದು ವಾದಿಸಿದರು. ಆ ಮಾತಿಗೆ ನೂರು ವರ್ಷ ಆಗುತ್ತಾ ಬಂತು. ಏಪ್ರಿಲ್ 14ಕ್ಕೆ ಹಾರ ಹಾಕುವ ಕೈಗಳು ಅದನ್ನು ಕಾಯ್ದೆಯಾಗಿ ಕೂಲಿ ಹೆಣ್ಣಿನ ಬಾಗಿಲಿಗೆ ತರಲಿಲ್ಲ.

ಏನೂ ಆಗಿಲ್ಲ ಅಂತ ನಾವು ಹೇಳೋದಿಲ್ಲ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ಟಿ. ನರಸೀಪುರದಲ್ಲಿ ಶುರುವಾದವು. ಅಲ್ಲಿಂದ ಇಲ್ಲಿಗೆ ಎಷ್ಟೋ ಕೂಸು ಉಳಿದಿವೆ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂತು. ಬಸುರಿ ಬಾಣಂತಿಯರಿಗೆ ಬಿಸಿಯೂಟ. ಒಳ್ಳೆಯದೇ. ಆದರೆ ಅಂಗನವಾಡಿಗೇ ಬಂದು ಉಣ್ಣಬೇಕು ಅಂದರು. ಮಧ್ಯಾಹ್ನ ಹೊಲ ಬಿಟ್ಟು ಬಂದವಳಿಗೆ ಅರ್ಧ ದಿನದ ಕೂಲಿ ಯಾರು ಕೊಡುತ್ತಾರೆ ಅಂತ ಕೇಳಲಿಲ್ಲ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೀದಿಗಿಳಿಯುತ್ತೇವೆ ಅಂದರು. ಇವತ್ತಿನ ಶಾಲೆ ಹುಡುಗಿ ನಾಳೆಯ ತಾಯಿ. ಅವಳ ತಟ್ಟೆಯ ಮೊಟ್ಟೆಗೆ ಕೈ ಹಾಕಿದವರು ಇನ್ನೂ ಹುಟ್ಟದ ಕೂಸಿನ ರಕ್ತಕ್ಕೆ ಕೈ ಹಾಕಿದ್ದಾರೆ. ಹಸಿವಿನ ಮುಂದೆ ನಿಮ್ಮ ಮಡಿ ನಮಗೆ ಬೇಡ.

ನಮ್ಮ ಬೇಡಿಕೆ ಸಣ್ಣದು. ಹೊಲ, ಇಟ್ಟಿಗೆ ಗೂಡು, ಕಟ್ಟಡ, ಎಲ್ಲಿ ದುಡಿಯುವ ಹೆಣ್ಣಿಗಾದರೂ ಹೆರಿಗೆಯ 26 ವಾರ ಕನಿಷ್ಠ ಕೂಲಿ ಸಿಗಬೇಕು. ಎಷ್ಟನೇ ಕೂಸು ಅಂತ ಕೇಳಕೂಡದು. ಇದು ದಯೆ ಅಲ್ಲ, ನಾಳೆಯ ದುಡಿಮೆಗಾರನನ್ನು ಹೆತ್ತದ್ದಕ್ಕೆ ಕೂಲಿ. ಕೇರಿಗೆ ಚರಂಡಿ ಬೆರೆಯದ ನೀರು ಬೇಕು, ಸೋರದ ಸೂರು ಬೇಕು.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಪೆನ್ನಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ಸಾವು ಬರೆಸಬೇಕು. ಕೇರಿಯ ಒಂದು ಕೂಸಿನ ಸಾವೂ ಬರೆಯದೆ ಉಳಿಯದಂತೆ ನೋಡಿಕೊಳ್ಳಿ. ಜೊತೆಗೆ ನಿಮ್ಮದೇ ಒಂದು ಪುಸ್ತಕ ಇಡಿ. ತಾಯಿ ಹೆತ್ತ ಎಷ್ಟನೇ ದಿನಕ್ಕೆ ಕೂಲಿಗೆ ಹೋದಳು? ಕುಡಿದ ನೀರು ಎಲ್ಲಿಯದು? ಆಸ್ಪತ್ರೆ ಎಷ್ಟು ಮೈಲಿ? ಯೋಜನೆಯ ದುಡ್ಡು ಬಂತೋ ಇಲ್ಲವೋ? ನಾಲ್ಕೇ ಪ್ರಶ್ನೆ. ಆ ಪುಸ್ತಕ ಹಿಡಿದು ಗ್ರಾಮಸಭೆಗೆ ಹೋಗೋಣ, ತಾಲ್ಲೂಕು ಕಚೇರಿಗೆ ಹೋಗೋಣ, ಒಂದೊಂದು ಸಾವನ್ನೂ ಗಟ್ಟಿಯಾಗಿ ಓದೋಣ. ಆಮೇಲೆ ಹೇಳಲಿ ಯಾರಾದರೂ, ಅದು ಹಣೆಬರಹ ಅಂತ.